ಸುಟ್ಟ ಹೆಬ್ಬೆಟ್ಟಿನ ಸಾಕ್ಷಿ

ಅರೆಕೆರೆಯ ನಮ್ಮ ಸಂಘದಲ್ಲಿ ಉಳಿತಾಯದ ದುಡ್ಡು ಕಟ್ಟಿ, ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುವಾಗ ಹಿರಿಯ ಸದಸ್ಯೆಯರು ನಾಚಿಕೊಳ್ಳುವುದುಂಟು. "ನಾವು ಓದಿಲ್ಲಮ್ಮ, ಹೆಬ್ಬೆಟ್ಟು" ಅನ್ನುತ್ತಾರೆ. ನಾಚಿಕೆ ಯಾಕೆ? ಸಹಿಯನ್ನು ನಕಲು ಮಾಡಬಹುದು. ಬೆರಳಿನ ಗೆರೆಗಳು ತಾಯ ಹೊಟ್ಟೆಯಲ್ಲೇ ಮೂಡಿ ಕೊನೆಯವರೆಗೂ ಹಾಗೇ ಇರುತ್ತವೆ. ಅವಳಿ ಮಕ್ಕಳಲ್ಲೂ ಅವು ಬೇರೆ ಬೇರೆ. ಕುಣಿಕೆ, ಸುಳಿ, ಕಮಾನು ಎಂದು ಮೊದಲು ವಿಂಗಡಿಸಿ, ಆಮೇಲೆ ಗೆರೆ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೋಲಿಸಿ ತಜ್ಞರು ಗುರುತು ಹಿಡಿಯುತ್ತಾರೆ. ಇದಕ್ಕೆಂದೇ 1897ರಲ್ಲಿ ಕಲ್ಕತ್ತೆಯಲ್ಲಿ ಕಚೇರಿ ತೆರೆಯಿತು. ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಬಂದದ್ದು ಮೇಲಧಿಕಾರಿ ಹೆನ್ರಿ ಸಾಹೇಬರಿಗೆ! ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು ಎಂಬುದು ನಮಗೆ ಹೊಸದಲ್ಲ.

ಇದೇ ಹೆಬ್ಬೆಟ್ಟು ಹೆಣ್ಣುಮಕ್ಕಳಿಗೆ ಎದುರಾಗಿಯೂ ನಿಂತಿದೆ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆ, 'ಸ್ಟೌ ಸಿಡಿಯಿತು' ಎಂದು ಬರೆದು ಮುಚ್ಚಿದ ಸಾವುಗಳನ್ನು ಪ್ರಶ್ನಿಸಿತು. ಇಂಥ ಸಾವುಗಳಲ್ಲಿ ಅನೇಕ ಸಲ ಉಳಿಯುವ ಸಾಕ್ಷಿ ಒಂದೇ: ಸಾಯುವ ಮುನ್ನ ಅವಳು ಆಡಿದ ಮಾತು, ಅದರ ಕೆಳಗೆ ಒತ್ತಿದ ಹೆಬ್ಬೆಟ್ಟು. ಪಂಜಾಬಿನ ಒಂದು ಪ್ರಕರಣದಲ್ಲಿ ಆ ಹೆಬ್ಬೆಟ್ಟಿನ ಗೆರೆಗಳು ಸ್ಪಷ್ಟವಾಗಿದ್ದವು. ಮೈ ನೂರಕ್ಕೆ ನೂರು ಸುಟ್ಟವಳ ಗುರುತು ಇಷ್ಟು ಚೆನ್ನಾಗಿ ಹೇಗೆ ಮೂಡಿತು ಎಂಬ ಅನುಮಾನ ಎದ್ದಿತು. 1998ರಲ್ಲಿ ಸುಪ್ರೀಂ ಕೋರ್ಟು ಆರೋಪಿಗಳ ಬಿಡುಗಡೆಯನ್ನೇ ಎತ್ತಿಹಿಡಿಯಿತು.

ಕೇಳಿದ ಪ್ರಶ್ನೆಯೇ ತಪ್ಪು ಎಂದು ನಾನು ಹೇಳಲಾರೆ. ಆಸ್ತಿಗಾಗಿ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರನ್ನು ನಾವೂ ಕಂಡಿದ್ದೇವೆ. ಆದರೆ ಒಂದು ವಿಷಯ ತಿಳಿದಿರಲಿ. 'ನೂರು ಭಾಗ' ಎನ್ನುವುದು ಸುಟ್ಟ ಅಗಲದ ಲೆಕ್ಕ, ಆಳದ ಲೆಕ್ಕವಲ್ಲ. ಗೆರೆಗಳ ಬೇರು ಚರ್ಮದ ಒಳಪದರದಲ್ಲಿದೆ. ಬೆರಳ ತುದಿ ಮೇಲೆ ಮೇಲೆ ಸುಟ್ಟಿದ್ದರೆ ಗೆರೆ ಉಳಿಯಬಹುದು, ಆಳಕ್ಕೆ ಸುಟ್ಟಿದ್ದರೆ ಅಳಿಯುತ್ತದೆ. ಅದನ್ನು ನೋಡಿ ಬರೆಯಬೇಕಾದವರು ಅಲ್ಲೇ ನಿಂತಿರುವ ವೈದ್ಯರು.

ಮರಣಪೂರ್ವ ಹೇಳಿಕೆಗೆ ಇಂಥದೇ ನಮೂನೆ ಬೇಕೆಂದು ಕಾನೂನು ಹೇಳುವುದಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೇ ಹೇಳಿದೆ. 2013ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ನೂರು ಭಾಗ ಸುಟ್ಟವಳ ಹೇಳಿಕೆಯನ್ನು ಅದೇ ನ್ಯಾಯಾಲಯ ನಂಬಿತು. ಅಂದರೆ ಮಾತೇ ಮುಖ್ಯ, ಹೆಬ್ಬೆಟ್ಟು ಅದಕ್ಕೆ ಒತ್ತಾಸೆ.

ಆದ್ದರಿಂದ ಅಕ್ಕತಂಗಿಯರೇ, ಅಂಥ ಹೊತ್ತಿನಲ್ಲಿ ವಾರ್ಡಿನ ಬಾಗಿಲಲ್ಲಿ ಬರೀ ಅಳುತ್ತಾ ನಿಲ್ಲಬೇಡಿ. ಹೇಳಿಕೆ ಬರೆದುಕೊಳ್ಳುವಾಗ ಗಂಡನ ಮನೆಯವರು ಹತ್ತಿರ ಇರಕೂಡದೆಂದು ಕೇಳಿ. ಯಾವ ಕೈಯ ಯಾವ ಬೆರಳು, ಅದು ಎಷ್ಟು ಸುಟ್ಟಿದೆ ಎಂದು ವೈದ್ಯರಿಂದ ಬರೆಸಲು ಒತ್ತಾಯಿಸಿ. ಎರಡೂ ಕೈ ಬೆಂದಿದ್ದರೆ ಕಾಲಿನ ಹೆಬ್ಬೆರಳಿನ ಗುರುತು ತೆಗೆಯಬಹುದು, ಅಲ್ಲೂ ಗೆರೆಗಳಿವೆ. ಅದೂ ಆಗದಿದ್ದರೆ 'ಗುರುತು ತೆಗೆಯಲಾಗಲಿಲ್ಲ' ಎಂದು ಕಾರಣ ಸಮೇತ ಬರೆಯಲಿ. ಕಾಗದ ಚೆಂದ ಕಾಣಲೆಂದು ಬೇರೊಬ್ಬರ ಹೆಬ್ಬೆಟ್ಟು ಒತ್ತಿಸಲು ಯಾರಾದರೂ ಮುಂದಾದರೆ, ಅವರು ನಮ್ಮ ಕಡೆಯವರೇ ಆಗಿದ್ದರೂ, ಕೈ ಹಿಡಿದು ತಡೆಯಿರಿ.