ವೇಗವನ್ನು ಅಳೆದುಕೊಳ್ಳುವದು

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲವನ್ನು ತೂಗುವಾಗ ಒಕ್ಕಲಿಗನು ತೂಕದ ಮೇಲಿಂದ ಕಣ್ಣನ್ನು ತೆಗೆಯುವದಿಲ್ಲ. ನಮ್ಮ ಗುತ್ತಲದ ಸಂತೆಯಲ್ಲಿ ಯಾವ ವರ್ತಕನಾದರೂ "ಒಂದು ಕಿಲೋವಿನ ವರೆಗೆ ಜೋಳ ಕೊಡುವೆನು" ಎಂದು ಕೂಗಿದರೆ ಜನರು ನಕ್ಕು ಮುಂದಕ್ಕೆ ಹೋಗುವರು. ಆದರೆ ಮನೆಗೆ ಅಂತರ್ಜಾಲದ ತಂತಿಯನ್ನು ಎಳೆಯಿಸುವಾಗ "40 ಎಂಬಿಪಿಎಸ್ ವರೆಗೆ" ಎಂಬ ಮಾತಿಗೆ ತಲೆದೂಗಿ ತಿಂಗಳು ತಿಂಗಳೂ ಹಣವನ್ನು ತೆರುತ್ತೇವೆ. ಈ "ವರೆಗೆ" ಎಂಬ ಮೂರಕ್ಷರದ ಶಬ್ದವು ನಮಗೆ ಸಮ್ಮತವಲ್ಲ.

ನಮ್ಮ ಮನೆಯಲ್ಲಿ ನಡೆದುದನ್ನೇ ಹೇಳುವೆವು. ರಾತ್ರಿ ಎಂಟರ ಮೇಲೆ ಹುಡುಗಿಯ ಪಾಠದ ಚಿತ್ರವು ನಿಂತು ನಿಂತು ಸಾಗುತ್ತಿತ್ತು. ವಿದ್ಯಾರ್ಥಿವೇತನದ ಅರ್ಜಿಯ ಸಂಗಡ ಕಾಗದಪತ್ರಗಳನ್ನು ಕಳುಹಿಸಹೋದರೆ ಅರ್ಧದಲ್ಲಿಯೇ ಕಡಿದುಹೋಗುತ್ತಿತ್ತು. ಕಡೆಯ ದಿನವು ಸಮೀಪಿಸಿತ್ತು. ಕೋಪದಿಂದ ಮೊಬೈಲಿನಲ್ಲಿ ಅಳೆದೆವು. 40ಕ್ಕೆ 9 ಬಂದಿತು. ದೂರು ಬರೆಯಲು ಕುಳಿತಾಗ ಹುಡುಗಿಯೇ ರೌಟರನ್ನು ತೋರಿಸಿದಳು. ಅದು ಒಳಕೋಣೆಯಲ್ಲಿ ಕಬ್ಬಿಣದ ಕಪಾಟಿನ ಹಿಂದೆ, ಎರಡು ದಪ್ಪ ಮಣ್ಣಿನ ಗೋಡೆಗಳಾಚೆಗೆ ಇತ್ತು! ತಂತಿಯನ್ನು ನೇರವಾಗಿ ಗಣಕಯಂತ್ರಕ್ಕೆ ಜೋಡಿಸಿ ಅಳೆದಾಗ 22 ಬಂದಿತು. ಅಂದರೆ 13 ನಮ್ಮ ತಪ್ಪು, 18 ಅವರದು. ಈ ಲೆಕ್ಕವಿಲ್ಲದೆ ದೂರಿದ್ದರೆ ಅವರು ನಮ್ಮ ಕಪಾಟನ್ನೇ ತೋರಿಸಿ ಹೊರಟುಹೋಗುತ್ತಿದ್ದರು.

ಆಮೇಲೆ ಹುಡುಗಿಯು ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳೆದು ವಹಿಯಲ್ಲಿ ಬರೆದಿಟ್ಟಳು. ಅಳೆಯುವಾಗ ಮನೆಯ ಬೇರೆ ಮೊಬೈಲುಗಳನ್ನೂ ದೂರದರ್ಶನವನ್ನೂ ಬಂದು ಮಾಡಿಸುತ್ತಿದ್ದಳು. ಇಳಿಯುವ ವೇಗ, ಏರುವ ವೇಗ ಎರಡನ್ನೂ ಬರೆಯುತ್ತಿದ್ದಳು. ಯಾತಕ್ಕೆಂದರೆ ಪಾಠವನ್ನು ನೋಡುವದಕ್ಕೆ ಮೊದಲನೆಯದು ಬೇಕು, ಅರ್ಜಿಯನ್ನು ಕಳುಹಿಸುವದಕ್ಕೆ ಎರಡನೆಯದು. ಜಾಹೀರಾತಿನಲ್ಲಿ ದೊಡ್ಡಕ್ಷರದಿಂದ ಕಾಣುವದು ಬಹುಶಃ ಮೊದಲನೆಯದೇ. ವಹಿಯನ್ನು ಕಂಡ ಮೇಲೆ ತಂತಿಯವರು ಬಂದು ಬೀದಿಯ ಜೋಡಣೆಯೊಂದನ್ನು ಬದಲಿಸಿದರು. ಈಗ ರಾತ್ರಿಯಲ್ಲಿ 34 ಬರುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಆ 40 ಎಂಬದು ಮೆಗಾಬಿಟ್ಟುಗಳ ಲೆಕ್ಕ. ಎಂಟು ಬಿಟ್ಟು ಕೂಡಿದರೆ ಒಂದು ಬೈಟು. ಆದಕಾರಣ ಪೂರ್ಣ ವೇಗವು ದೊರೆತರೂ ಸೆಕೆಂಡಿಗೆ 5 ಮೆಗಾಬೈಟಿಗಿಂತ ಹೆಚ್ಚು ಇಳಿಯಲಾರದು. ಇದನ್ನು ಮೋಸವೆನ್ನುವದು ಸಲ್ಲದು.

ಸರಕಾರವು 2004ರಲ್ಲಿ ಬ್ರಾಡ್‌ಬ್ಯಾಂಡಿಗೆ ಗೊತ್ತುಮಾಡಿದ ಕನಿಷ್ಠ ವೇಗವು 256 ಕೆಬಿಪಿಎಸ್. 2023ರಲ್ಲಿ ಅದು 2 ಎಂಬಿಪಿಎಸ್ ಆಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಜನರೇ ಮೊಬೈಲ್ ಜಾಲದ ವೇಗವನ್ನು ಅಳೆಯಲೆಂದು 2016ರಲ್ಲಿ "ಮೈಸ್ಪೀಡ್" ಎಂಬ ಸಾಧನವನ್ನು ಕೊಟ್ಟಿತು. ಅಮೇರಿಕೆಯಲ್ಲಾದರೋ ಸಾವಿರಾರು ಮನೆಗಳಲ್ಲಿ ತಾನೇ ತಾನಾಗಿ ಅಳೆಯುವ ಚಿಕ್ಕ ಪೆಟ್ಟಿಗೆಗಳನ್ನಿರಿಸಿ, ಯಾವ ಕಂಪನಿಯು ಎಷ್ಟು ಹೇಳಿ ಎಷ್ಟು ಕೊಟ್ಟಿತೆಂಬದನ್ನು 2011ರಲ್ಲಿ ಹೆಸರು ಸಹಿತ ಪ್ರಕಟಿಸಿದರು. ಅಂಥ ಪೆಟ್ಟಿಗೆಗಳು ಗುತ್ತಲದಂಥ ಊರುಗಳ ಮನೆಗಳಿಗೂ ಬರತಕ್ಕದ್ದೆಂದು ನಮ್ಮ ಅಭಿಪ್ರಾಯ. ಅಷ್ಟೇ ಅಲ್ಲದೆ, ಜಾಹೀರಾತಿನಲ್ಲಿ ಬರೆಯತಕ್ಕದ್ದು ನಡುರಾತ್ರಿಯ ವೇಗವನ್ನಲ್ಲ, ಮನೆಮಂದಿಯೆಲ್ಲ ಕೂಡುವ ರಾತ್ರಿ ಎಂಟರ ವೇಗವನ್ನು.

ಹುಡುಗಿಯ ಅರ್ಜಿಯು ಕಡೆಯ ದಿನದ ಹಿಂದಿನ ಸಂಜೆಗೆ ಮುಟ್ಟಿತು. ನಮ್ಮ ವಿದ್ಯಾರ್ಥಿನಿಯರ ತಂದೆತಾಯಿಗಳು ಕಪಾಟಿನ ಹಿಂಬದಿಯನ್ನು ಒಮ್ಮೆ ನೋಡಿ, ಬಳಿಕ ಒಂದು ವಹಿಯನ್ನು ತೆಗೆದಿಡಬೇಕೆಂದು ಬೇಡುತ್ತೇವೆ.