ಚಂದ್ರನ ಮಣ್ಣೂ ಹಕ್ಕುಪತ್ರವೂ

ಚಂದ್ರನ ಮೇಲೆ ನಮ್ಮ ದೇಶದ ನೌಕೆಯು ಇಳಿದ ದಿನವನ್ನು ಎಲ್ಲರೂ ಕೊಂಡಾಡುವರು. ಅದಕ್ಕೆ ಮುಂಚೆ ಭೂಮಿಯ ಮೇಲೆ ಕಲ್ಲನ್ನು ಕುಟ್ಟಿ ಪುಡಿಮಾಡಿ ಚಂದ್ರನ ಮಣ್ಣಿನ ಪ್ರತಿರೂಪವನ್ನು ಸಿದ್ಧಪಡಿಸಿದವರನ್ನು ನೆನೆಯುವವರು ವಿರಳ. ಆ ವಿಧಾನಕ್ಕೆ ಪೇಟೆಂಟು ಎಂಬ ಹಕ್ಕುಪತ್ರವೂ ದೊರೆತಿರುವದರಿಂದ, ಅದರ ಯುಕ್ತಾಯುಕ್ತತೆಯನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಂದಿರ ಮುಂದೆ ವಿಚಾರಕ್ಕಿಡಬಯಸುತ್ತೇವೆ.

ಚಂದ್ರನಲ್ಲಿ ಬೀಸುವ ಗಾಳಿಯಿಲ್ಲ, ಹರಿಯುವ ನೀರಿಲ್ಲ. ಆದಕಾರಣ ಅಲ್ಲಿಯ ಧೂಳಿನ ಕಣಗಳು ನಮ್ಮ ಹೊಳೆಯ ಮರಳಿನಂತೆ ನುಣುಪಾಗದೆ ಚೂಪಾಗಿಯೇ ಉಳಿದಿರುತ್ತವೆ. ಇಂಥ ನೆಲದಲ್ಲಿ ಬಂಡಿಯ ಗಾಲಿ ಹೂತುಹೋಗುವದೋ, ನೌಕೆಯ ಕಾಲು ಸ್ಥಿರವಾಗಿ ನಿಲ್ಲುವದೋ ಎಂಬದನ್ನು ಮೊದಲೇ ಪರೀಕ್ಷಿಸಬೇಕು. ಅಪೊಲೊ ಯಾತ್ರಿಕರು 1969ರಿಂದ 1972ರ ವರೆಗೆ ತಂದ ಕಲ್ಲುಮಣ್ಣು ಸುಮಾರು 382 ಕಿಲೋಗ್ರಾಂ ಮಾತ್ರ; ಅಂಥ ನಿಧಿಯನ್ನು ಗಾಲಿಯ ಕೆಳಗೆ ಹಾಸುವವರು ಯಾರು? ಬೆಂಗಳೂರಿನಲ್ಲಿರುವ ಇಸ್ರೋ ಉಪಗ್ರಹ ಕೇಂದ್ರದವರು ತಮಿಳುನಾಡಿನ ಸಿತ್ತಂಪೂಂಡಿಯ ಸೀಮೆಯಲ್ಲಿ ದೊರೆಯುವ ಅನಾರ್ಥೊಸೈಟ್ ಶಿಲೆಯನ್ನು ಆರಿಸಿಕೊಂಡರು. ಚಂದ್ರನ ಬೆಳ್ಳಗಿನ ಎತ್ತರಪ್ರದೇಶಗಳು ಬಹುಮಟ್ಟಿಗೆ ಇದೇ ಜಾತಿಯ ಶಿಲೆಯಿಂದಾದವುಗಳು. 2014ರಲ್ಲಿ ಸಲ್ಲಿಸಿದ ಅರ್ಜಿಗೆ 2020ರ ಮೇ ತಿಂಗಳಲ್ಲಿ ಹಕ್ಕುಪತ್ರ ದೊರೆಯಿತು.

ಮಣ್ಣು ಎಲ್ಲರದು, ಅದಕ್ಕೆ ಒಡೆತನವೇಕೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯು ನ್ಯಾಯವಾದದ್ದೇ. ಆದರೆ ನಿಸರ್ಗದಲ್ಲಿರುವ ವಸ್ತುವನ್ನು ಕಂಡುಹಿಡಿದ ಮಾತ್ರಕ್ಕೆ ನಮ್ಮ 1970ರ ಪೇಟೆಂಟು ಕಾಯಿದೆಯು ಹಕ್ಕು ಕೊಡುವದಿಲ್ಲ. ಹೊಸದಾಗಿ ಯೋಚಿಸಿ ರೂಪಿಸಿದ ವಸ್ತುವಿಗೋ ವಿಧಾನಕ್ಕೋ ಮಾತ್ರ ಕೊಡುತ್ತದೆ. ಅದೂ ಅರ್ಜಿಯ ದಿನದಿಂದ 20 ವರ್ಷಗಳಿಗೆ. ಅದಕ್ಕೆ ಪ್ರತಿಯಾಗಿ ಶೋಧಕನು, ಬಲ್ಲವನು ಓದಿ ಮಾಡುವಷ್ಟು ಸ್ಪಷ್ಟವಾಗಿ ತನ್ನ ವಿಧಾನವನ್ನು ಬರೆದೊಪ್ಪಿಸತಕ್ಕದ್ದು. ಬಚ್ಚಿಟ್ಟ ವಿದ್ಯೆ ಬಚ್ಚಿಟ್ಟವನೊಡನೆ ಮಣ್ಣುಗೂಡುವದು. ಬರೆದೊಪ್ಪಿಸಿದ ವಿದ್ಯೆ ಲೋಕಕ್ಕೆ ಉಳಿಯುವದು. ಆದುದರಿಂದ ಈ ಹಕ್ಕು ಯುಕ್ತವೆಂದೇ ನಮ್ಮ ಮತ. ಆದರೂ ಪ್ರಜೆಗಳ ತೆರಿಗೆಯಿಂದ ನಡೆದ ಶೋಧನೆಯ ಫಲವು ಅವಧಿ ತೀರುವ ತನಕ ಕಾಯದೆ, ಅಲ್ಪ ವೆಚ್ಚದಲ್ಲಿ ಕಾಲೇಜುಗಳಿಗೂ ಪಾಠಶಾಲೆಗಳಿಗೂ ದೊರೆಯಬೇಕು. ಹಕ್ಕು ಬೇಲಿಯಾಗಿರಲಿ, ಆದರೆ ಆ ಬೇಲಿಗೆ ಬಾಗಿಲೂ ಇರಲಿ.

ಶಿಲೆಯ ಆಯ್ಕೆ ಸರಿಯಾಗಿತ್ತೆಂಬದಕ್ಕೆ ಚಂದ್ರನೇ ಸಾಕ್ಷಿ. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದ ತರುವಾಯ ಪ್ರಜ್ಞಾನ್ ಬಂಡಿಯು ಸುಮಾರು 103 ಮೀಟರು ಸಂಚರಿಸಿ 23 ಕಡೆ ಮಣ್ಣನ್ನು ಪರೀಕ್ಷಿಸಿತು. ಅಲ್ಲಿಯ ಮಣ್ಣಿನಲ್ಲಿ ಅನಾರ್ಥೊಸೈಟ್ ಜಾತಿಯ ಶಿಲೆಯ ಅಂಶವೇ ಪ್ರಧಾನವೆಂದು 2024ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ತಂದೆತಾಯಂದಿರೇ, ಕಲ್ಲುಮಣ್ಣಿನ ವಿದ್ಯೆ ಹೆಣ್ಣುಮಕ್ಕಳಿಗೆ ಒಪ್ಪದೆಂಬ ಮಾತು ಇನ್ನೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಬೆಟ್ಟದ ತಪ್ಪಲಿನಲ್ಲಿ ಯಾರೂ ಗಣಿಸದೆ ಬಿದ್ದಿದ್ದ ಕಲ್ಲು ಚಂದ್ರಯಾತ್ರೆಗೆ ನೆರವಾಯಿತೆಂಬದನ್ನು ಕಂಡ ಮೇಲೂ ಆ ಮಾತನ್ನು ಆಡುವದು ಯೋಗ್ಯವೇ? ಮಗಳು ಭೂಗರ್ಭಶಾಸ್ತ್ರವನ್ನು ಓದಬೇಕೆಂದರೆ ತಡೆಯದಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಪ್ರಯೋಗಶಾಲೆಗಳಲ್ಲಿರುವವರು ತಾವು ಕಂಡುಕೊಂಡ ವಿಧಾನಗಳನ್ನು ಸ್ಪಷ್ಟವಾಗಿ ಬರೆದಿಡಲಿ. ಮುಂದಿನವರಿಗೆ ಅದಕ್ಕಿಂತ ದೊಡ್ಡ ಬಳುವಳಿಯಿಲ್ಲ.