ಕೆಲಸದವರಿಗೆ ಹೇಳಬೇಡಿ ಎನ್ನುವವರಿಗೆ

ದಸರಾ ರಜೆ ಹತ್ತಿರ ಬಂತೆಂದರೆ ನಮ್ಮ ಯಲಹಂಕ ಉಪನಗರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. ಊರಿಗೆ ಹೊರಡುವ ಮುಂಚೆ ಮನೆಯಲ್ಲಿ ಏನೇನು ಮಾಡಬೇಕು ಎಂಬ ಪಟ್ಟಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ. ಫ್ರಿಜ್ ಖಾಲಿ ಮಾಡಿ. ಒಡವೆ ಬ್ಯಾಂಕ್ ಲಾಕರಿನಲ್ಲಿಡಿ. ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ನೀರಿಲ್ಲದ ಹೊತ್ತಿನಲ್ಲಿ ತೆರೆದು ಮರೆತ ನಲ್ಲಿಗೆ ನೀವಿಲ್ಲದಾಗ ನೀರು ಬಂದರೆ ಮನೆಯೇ ಕೆರೆಯಾಗುತ್ತದೆ. ಹಾಲು, ಪೇಪರ್ ನಿಲ್ಲಿಸಿ. ಪ್ರವಾಸದ ಫೋಟೋಗಳನ್ನು ವಾಪಸ್ ಬಂದ ಮೇಲೆ ಹಾಕಿ.

ಇದೆಲ್ಲ ಸರಿಯೇ. ನನ್ನ ತಕರಾರು ಇರುವುದು ಪ್ರತಿವರ್ಷವೂ ತಪ್ಪದೆ ಬರುವ ಒಂದು ಸಾಲಿನ ಬಗ್ಗೆ: ಮನೆಕೆಲಸದವರಿಗೆ, ಡ್ರೈವರಿಗೆ ಊರಿಗೆ ಹೋಗುವ ವಿಷಯ ತಿಳಿಸಬೇಡಿ.

ಈ ಸಾಲು ದಡ್ಡತನದ್ದು, ಅನ್ಯಾಯದ್ದು ಕೂಡ. ದಡ್ಡತನದಿಂದಲೇ ಶುರು ಮಾಡುತ್ತೇನೆ. ಅನ್ಯಾಯ ಎಂದರೆ ಕಿವಿಗೊಡದವರೂ ನಷ್ಟ ಎಂದರೆ ಕಿವಿಗೊಡುತ್ತಾರೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಲಹೆ ಇರುತ್ತದೆ: ಮನೆ ಖಾಲಿ ಇದೆ ಎಂದು ಹೊರಗಿನವರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳಿ. ನಮ್ಮ ಬೀದಿಗಳಲ್ಲಿ ಖಾಲಿ ಮನೆಯನ್ನು ಗುರುತಿಸುವುದು ಹೇಗೆ? ಬಾಗಿಲ ಮುಂದೆ ನೀರು ಹಾಕಿರುವುದಿಲ್ಲ, ರಂಗೋಲಿ ಇರುವುದಿಲ್ಲ, ಗೇಟಿನೊಳಗೆ ಒಣ ಎಲೆ, ಪಾಂಪ್ಲೆಟ್‌ಗಳು ಬಿದ್ದಿರುತ್ತವೆ, ತುಳಸಿ ಬಾಡಿರುತ್ತದೆ. ಹಾಗಾದರೆ ಆ ಬಾಗಿಲಿಗೆ ದಿನಾ ಬೆಳಿಗ್ಗೆ ನೀರು ಹಾಕಿ ರಂಗೋಲಿ ಎಳೆಯುವವರು ಯಾರು? ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಆ ಕೆಲಸ ಮಾಡುವುದು ಕೆಲಸದಾಕೆಯೇ. ಮನೆ ಬದುಕಿದೆ ಎಂದು ಬೀದಿಗೆ ಸಾರುವ ಒಬ್ಬಳಿಂದಲೇ ಮನೆ ಖಾಲಿ ಎಂಬುದನ್ನು ಮುಚ್ಚಿಡಬೇಕಂತೆ. ಮುಚ್ಚಿಡುವುದಾದರೂ ಹೇಗೆ? ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಆಕೆ ಬರುತ್ತಾಳೆ, ಬೆಲ್ ಒತ್ತುತ್ತಾಳೆ, ಕಾಯುತ್ತಾಳೆ, ಬೀಗ ನೋಡಿ ವಾಪಸ್ ಹೋಗುತ್ತಾಳೆ. ಅದನ್ನು ಇಡೀ ಬೀದಿ ನೋಡುತ್ತದೆ.

ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಬೀದಿಯನ್ನು ಕಾಯುವುದು ಮೊದಲಿಗೆ ಪೊಲೀಸರಲ್ಲ, ಆ ಬೀದಿಯನ್ನು ತಮ್ಮದೆಂದುಕೊಂಡು ನೋಡುತ್ತಿರುವ ಜನರ ಕಣ್ಣುಗಳು ಎಂದು ವಾದಿಸುತ್ತಾಳೆ. ಅಂಗಡಿಯವರು, ಕಿಟಕಿಯಲ್ಲಿ ಕೂತವರು, ನಡೆದುಹೋಗುವವರು. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ಮನೆಯಿಂದ ಮನೆಗೆ ಓಡಾಡುವ ಕಣ್ಣುಗಳು ಯಾರವು? ನಾವಂತೂ ಆ ಹೊತ್ತಿಗೆ ಹೆಬ್ಬಾಳ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ನಿಂತಿರುತ್ತೇವೆ.

ಊರಿಗೆ ಹೋಗುವ ಮುನ್ನ ಠಾಣೆಗೆ ತಿಳಿಸಿ ಎಂದು ಪೊಲೀಸರೇ ಹೇಳುತ್ತಾರೆ. ಪಕ್ಕದ ಆಂಧ್ರದಲ್ಲಿ ಬೀಗ ಹಾಕಿದ ಮನೆಯೊಳಗೆ ಪೊಲೀಸರೇ ಕ್ಯಾಮೆರಾ ಇಟ್ಟು ನಿಗಾ ವಹಿಸುವ ವ್ಯವಸ್ಥೆಯೂ ಬಂದಿದೆ. ಅಂದರೆ ಮನೆ ಖಾಲಿ ಎಂದು ಯಾರಿಗಾದರೂ ಹೇಳಿಯೇ ಹೋಗಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮುಖ ನೋಡದ ಕಾನ್‌ಸ್ಟೇಬಲ್‌ಗೆ ಹೇಳುತ್ತೇವೆ. ಎಲ್ಲಿಯದೋ ಕಂಪನಿಯ ಸರ್ವರಿಗೆ ನಮ್ಮ ಹಾಲ್‌ನ ವಿಡಿಯೋ ಕಳಿಸುತ್ತೇವೆ. ನಮ್ಮ ಎಂಜಲು ತಟ್ಟೆ ತೊಳೆಯುವವಳಿಗೆ ಮಾತ್ರ ಹೇಳುವುದಿಲ್ಲ.

ಇನ್ನು ಅನ್ಯಾಯದ ಮಾತು. ಇಲ್ಲಿ ನಾನು ಸಾಕ್ಷಿಯಷ್ಟೇ ಅಲ್ಲ, ಪಾಲುದಾರಳೂ ಹೌದು.

ಪಿಎಚ್‌ಡಿಗೆ ಸೇರಿದ ಮೊದಲ ವರ್ಷ ನಾನಿದ್ದ ಕಟ್ಟಡದ ಟೆರೇಸಿನ ಒಂದು ಕೋಣೆ ನನ್ನದು, ಕೆಳಗೆ ಮೂರು ಮನೆಗಳು. ನಾಲ್ಕಕ್ಕೂ ಒಬ್ಬರೇ ಅಕ್ಕ ಕೆಲಸಕ್ಕೆ ಬರುತ್ತಿದ್ದರು. ಆ ದಸರಾಕ್ಕೆ ನಾನು ಸಾಗರಕ್ಕೆ ಹೊರಟೆ, ಮೊದಲ ಮಹಡಿಯವರು ಕುಟುಂಬ ಸಮೇತ ಊಟಿಗೆ ಹೊರಟರು. ಮೆಟ್ಟಿಲಲ್ಲಿ ಸಿಕ್ಕ ಅಕ್ಕನಿಗೆ, "ಹತ್ತು ದಿನ ಬರಬೇಡಿ ಅಕ್ಕ, ನಾನಿರಲ್ಲ. ಫಸ್ಟ್ ಫ್ಲೋರಿನವರೂ ಇರಲ್ಲ" ಎಂದೆ. ಆಕೆಗೆ ಅದು ರಜೆಯಲ್ಲ, ಎರಡು ಮನೆಯ ಹತ್ತು ದಿನದ ಸಂಬಳ ಕಡಿತ ಎಂಬುದು ಆಗ ನನಗೆ ಹೊಳೆಯಲೂ ಇಲ್ಲ.

ಐದನೆಯ ದಿನ ಮೊದಲ ಮಹಡಿಯ ಹಿಂಬಾಗಿಲು ಮುರಿದಿತ್ತು. ಒಂದು ಸರ, ಎರಡು ಬಳೆ ಹೋಗಿದ್ದವು. ನನಗೆ ಫೋನ್ ಬಂತು. ಮನೆ ಖಾಲಿ ಎಂದು ಯಾರಿಗೆ ಗೊತ್ತಿತ್ತು? ನಾನು ಅಕ್ಕನ ಹೆಸರು ಹೇಳಿದೆ. ನಿಜವನ್ನೇ ಹೇಳಿದೆ. ಆದರೆ ಹಾಲಿನವನಿಗೂ ಗೊತ್ತಿತ್ತು, ಇಸ್ತ್ರಿಯವನಿಗೂ ಗೊತ್ತಿತ್ತು, ಎದುರುಮನೆ ಅಂಕಲ್‌ಗೂ ಗೊತ್ತಿತ್ತು, ಅವರ ಊಟಿಯ ಸ್ಟೇಟಸ್ ನೋಡಿದ ಇನ್ನೂರು ಜನಕ್ಕೂ ಗೊತ್ತಿತ್ತು. ಅವರ ಹೆಸರು ನನ್ನ ಬಾಯಿಗೆ ಬರಲಿಲ್ಲ. ಆ ಪಟ್ಟಿ ನನ್ನೊಳಗೂ ಇತ್ತು.

ಅಕ್ಕನನ್ನು ಎರಡು ದಿನ ಠಾಣೆಗೆ ಕರೆಸಿ ಕೂರಿಸಿದರು. ಏನೂ ಸಿಗಲಿಲ್ಲ, ಬಿಟ್ಟರು. ಅಷ್ಟರಲ್ಲಿ ನಾಲ್ಕೂ ಮನೆಯ ಕೆಲಸ ಹೋಗಿತ್ತು. ನಾನು ವಾಪಸ್ ಬಂದ ಮೇಲೆ ಸಂತೆಯಲ್ಲಿ ಸಿಕ್ಕರು. "ನನ್ ಹೆಸ್ರು ನೀವೇ ಹೇಳಿದ್ರಂತೆ ಮೇಡಂ" ಎಂದರು. ಸಿಟ್ಟಿನಲ್ಲೂ ಅಲ್ಲ. ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ನಮ್ಮ ಕಾನೂನಿನಲ್ಲೂ ಈ ಅನುಮಾನಕ್ಕೆ ಒಂದು ಕೋಣೆ ಇದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ ಶಿಕ್ಷೆಯಾದರೆ, ಗುಮಾಸ್ತ ಅಥವಾ ಸೇವಕ ತನ್ನ ಯಜಮಾನನ ಸ್ವತ್ತನ್ನು ಕದ್ದರೆ 381ನೇ ಕಲಮಿನಡಿ 7 ವರ್ಷದವರೆಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಹೆಸರು ಬದಲಿಸಿತು, ಇದನ್ನು 306ನೇ ಕಲಮಾಗಿ ಉಳಿಸಿಕೊಂಡಿತು. ಸೇವಕ ನಂಬಿಕೆ ಮುರಿದರೆ ಪ್ರತ್ಯೇಕ ಕಲಮು. ಯಜಮಾನ ಸುಮ್ಮಸುಮ್ಮನೆ ಅನುಮಾನಿಸಿ ಒಬ್ಬಳ ಅನ್ನ ಕಿತ್ತರೆ? ಅದಕ್ಕೆ ಅಂಥ ಕಲಮಿಲ್ಲ. ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ರಾಜ್ಯ. ಮನೆಕೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೇ ಒಪ್ಪಂದವನ್ನು ಭಾರತ ಇನ್ನೂ ಸ್ಥಿರೀಕರಿಸಿಲ್ಲ.

ಕೆಲಸದವರೇ ಕದ್ದ ಸುದ್ದಿ ಪೇಪರಿನಲ್ಲಿ ಬರುವುದಿಲ್ಲವೇ ಎಂದು ಕೇಳುತ್ತೀರಿ. ಬರುತ್ತದೆ. ಅಣ್ಣನ ಮಗ ಕದ್ದ ಸುದ್ದಿಯೂ ಬರುತ್ತದೆ, ಅಳಿಯ ಕದ್ದ ಸುದ್ದಿಯೂ ಬರುತ್ತದೆ. ಅಳಿಯನಿಗೆ ಹೇಳದೆ ಊರಿಗೆ ಹೋಗಿ ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ. ಒಬ್ಬ ಅಳಿಯನ ತಪ್ಪು ಆ ಅಳಿಯನದ್ದು. ಒಬ್ಬ ಕೆಲಸದಾಕೆಯ ತಪ್ಪು ಮಾತ್ರ ಎಲ್ಲ ಕೆಲಸದವರದ್ದು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಕಥೆಯಲ್ಲಿ ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಮನೆಯವರು ಬೈದು ಅಟ್ಟುವ ಸನ್ನಿವೇಶವಿದೆ. ಆ ಮನೆಯ ಒಗ್ಗಟ್ಟು ಎಂಥದ್ದೆಂದು ಅಲ್ಲಿ ಗೊತ್ತಾಗುತ್ತದೆ. ಹೊಸ್ತಿಲಲ್ಲಿ ಯಾರನ್ನು ಹೇಗೆ ನಿಲ್ಲಿಸುತ್ತೇವೆ ಎಂಬುದರಲ್ಲೇ ಮನೆಯ ಗುಣ ಇರುತ್ತದೆ.

ಹಾಗಂತ ನಾನು, ನಮ್ಮ ಹಳ್ಳಿಯಲ್ಲಿ ಬೀಗವೇ ಇರಲಿಲ್ಲ ಎಂದು ಹಾಡಿ ಹೊಗಳುವವಳಲ್ಲ. ನಮ್ಮ ಊರಿನ ಮನೆಗೂ ಬೀಗ ಬೀಳುತ್ತಿರಲಿಲ್ಲ, ನಿಜ. ಯಾಕೆಂದರೆ ಅಜ್ಜಿ ಎಲ್ಲಿಗೂ ಹೋಗುತ್ತಿರಲಿಲ್ಲ. ಮದುವೆ ಇರಲಿ, ಜಾತ್ರೆ ಇರಲಿ, ಮನೆ ಕಾಯಲು ಒಬ್ಬರು ಬೇಕು, ಅದು ಅಜ್ಜಿ. ಆ ತೆರೆದ ಬಾಗಿಲಿಗೆ ಅಜ್ಜಿಯೇ ಬೀಗವಾಗಿದ್ದರು. ಇನ್ನು ಕೆಲಸಕ್ಕೆ ಬರುವವರು ಹೊಸ್ತಿಲು ದಾಟುತ್ತಲೇ ಇರಲಿಲ್ಲ. ಅಂಥ ನಂಬಿಕೆ ವಾಪಸ್ ಬರುವುದು ನನಗೆ ಬೇಡ.

ನನಗೆ ಬೇಕಾಗಿರುವುದು ಪಟ್ಟಿಯಲ್ಲಿ ಒಂದು ಸಾಲು ಅಳಿಸಿ, ಮೂರು ಸಾಲು ಸೇರಿಸುವುದು. ಒಂದು, ಕೆಲಸದವರಿಗೆ ಒಂದು ವಾರ ಮೊದಲೇ ತಿಳಿಸಿ. ಅವರೂ ತಮ್ಮ ಊರಿಗೆ ಹೋಗಬಹುದು. ಎರಡು, ರಜೆ ಮಾಡಿದವರು ನೀವು, ಆ ದಿನಗಳ ಸಂಬಳ ಕಡಿಯಬೇಡಿ. ಮೂರು, ಬಾಗಿಲಿಗೆ ನೀರು ಹಾಕಿ, ಗಿಡ ನೋಡಿಕೊಳ್ಳಿ ಎಂದು ಕೇಳಿದರೆ ಅದು ಕಾವಲಿನ ಕೆಲಸ, ಅದಕ್ಕೆ ಬೇರೆ ದುಡ್ಡು ಕೊಡಿ. ಇಷ್ಟಾದ ಮೇಲೂ ಕಳ್ಳತನವಾಗಬಹುದು. ಆಗ ಯಾರಿಗೆ ಗೊತ್ತಿತ್ತು ಎಂದು ಕೇಳಿದರೆ, ಗೊತ್ತಿದ್ದ ಎಲ್ಲರ ಹೆಸರು ಹೇಳಿ. ನಿಮ್ಮ ಅಳಿಯನದ್ದೂ ಸೇರಿಸಿ.

ಈ ವರ್ಷ ಯಶವಂತಪುರದಿಂದ ನನ್ನ ರೈಲು ಹೊರಡುವ ಹಿಂದಿನ ದಿನ, ಈಗ ಕೆಲಸಕ್ಕೆ ಬರುವವರಿಗೆ ಪೂರ್ತಿ ತಿಂಗಳ ಸಂಬಳ ಕೊಟ್ಟು ಹೊರಡುವ ವಿಷಯ ಹೇಳಿದೆ. ಕೀಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದೆ. "ಬೇಡ ಮೇಡಂ" ಎಂದು ಕೈ ಹಿಂದೆ ಕಟ್ಟಿಕೊಂಡರು. "ಏನಾದ್ರೂ ಆದ್ರೆ ನಮ್ ತಲೆಗೇ ಬರೋದು."

ಅವರ ಪಟ್ಟಿಯಲ್ಲೂ ಒಂದು ಸಾಲಿದೆ. ಅದನ್ನು ಬರೆದವರು ನಾವು.